ಅಸೆಂಬಲ್ ಮಾಡಿಸಿದ ಪಿಸಿಯಲ್ಲಿ ಕರ್ನಲ್, ಬೂಟ್‌ಲೋಡರ್ ಅಪ್‌ಡೇಟ್: ರೀಬೂಟ್ ಒತ್ತುವ ಮುಂಚೆ ನೋಡಬೇಕಾದ್ದು

"ಅಪ್‌ಡೇಟ್ ಮಾಡಿದೆ, ರೀಬೂಟ್ ಆದಮೇಲೆ ಬರೀ ಕಪ್ಪು ಸ್ಕ್ರೀನ್." ಲಿನಕ್ಸ್ ಹಾಕಿಕೊಂಡಿರುವ ಗೆಳೆಯರಿಂದ ನನಗೆ ಜಾಸ್ತಿ ಬರುವ ಮಾತು ಇದು. ಕರ್ನಲ್ ಅಂದರೆ ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು, ಬೂಟ್‌ಲೋಡರ್ ಅಂದರೆ ಪವರ್ ಬಟನ್ ಒತ್ತಿದಾಗ ಅದನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ. ಹೋಗಿ ನೋಡಿದರೆ ಕಾರಣ ಹೆಚ್ಚುಕಡಿಮೆ ಈ ನಾಲ್ಕರಲ್ಲಿ ಒಂದಾಗಿರುತ್ತದೆ. ಬೂಟ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಕರ್ನಲ್ ಫೈಲ್‌ಗಳನ್ನು ಇಡುವ ಭಾಗ) ತುಂಬಿಹೋಗಿರುತ್ತದೆ. ಹೊಸ ಕರ್ನಲ್‌ಗೆ ಬೇಕಾದ ಇನಿಟ್‌ಆರ್‌ಡಿ ಫೈಲ್ (ಬೂಟ್ ಆಗುವಾಗ ಮೊದಲು ಬೇಕಾಗುವ ಡ್ರೈವರ್‌ಗಳ ಕಟ್ಟು) ತಯಾರಾಗಿರುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ ಹೊಸ ಕರ್ನಲ್‌ಗೆ ಸೇರಿರುವುದಿಲ್ಲ. ಇಲ್ಲವೇ ಗ್ರಬ್ ಎಂಬ ಬೂಟ್‌ಲೋಡರ್ ಬೇರೆ ಡಿಸ್ಕ್‌ಗೆ ಹೋಗಿ ಕೂತಿರುತ್ತದೆ. ನಾಲ್ಕೂ ರೀಬೂಟ್ ಮಾಡುವ ಮುಂಚೆಯೇ ಕಣ್ಣಿಗೆ ಕಾಣುತ್ತವೆ. ಆದರೆ ಯಾರೂ ನೋಡುವುದಿಲ್ಲ. ಈ ಬರಹದ ಮುಕ್ಕಾಲು ಭಾಗ ಆ ನೋಡುವ ಕೆಲಸದ ಬಗ್ಗೆಯೇ ಇದೆ.

ಉದಾಹರಣೆಗೆ ಉಬುಂಟು 24.04 ತೆಗೆದುಕೊಂಡಿದ್ದೇನೆ. ಲಿನಕ್ಸ್ ಮಿಂಟ್ 22 ಕೂಡ ಇದರ ಮೇಲೇ ನಿಂತಿದೆ, ಡೆಬಿಯನ್‌ನಲ್ಲೂ ದಾರಿ ಬಹುಪಾಲು ಇದೇ. ಫೆಡೋರಾ, ಆರ್ಚ್ ಬಳಸುವವರಿಗೆ ಕಮಾಂಡ್‌ಗಳು ಬೇರೆ.

ಕಮಾಂಡ್‌ಗಳನ್ನು ಉಚ್ಚಾರಣೆ ಹೇಗಿದೆಯೋ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಸ್ಲ್ಯಾಷ್, ಅಡ್ಡಗೆರೆ, ನಡುವಿನ ಖಾಲಿ ಜಾಗ ಇಲ್ಲಿ ಹೇಗಿದೆಯೋ ಹಾಗೇ ಇರಬೇಕು.

ಕೈಯಲ್ಲಿ ಇರಬೇಕಾದ ಸಾಮಾನು

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು ಬೇಕು. ಅದರಲ್ಲಿ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಉಬುಂಟು) ಇರಬೇಕು. ಅದನ್ನು ಮಾಡಿಟ್ಟರೆ ಸಾಲದು, ಅದರಿಂದ ಒಮ್ಮೆ ಬೂಟ್ ಮಾಡಿಯೂ ನೋಡಿ. ಬೂಟ್ ಮೆನು ಕೀ ಮದರ್‌ಬೋರ್ಡ್‌ನಿಂದ ಮದರ್‌ಬೋರ್ಡ್‌ಗೆ ಬೇರೆ. ಸಾಮಾನ್ಯವಾಗಿ ಆಸುಸ್‌ನಲ್ಲಿ ಎಫ್8, ಗಿಗಾಬೈಟ್‌ನಲ್ಲಿ ಎಫ್12, ಎಂಎಸ್‌ಐ ಮತ್ತು ಆಸ್‌ರಾಕ್‌ನಲ್ಲಿ ಎಫ್11. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ, ಮುಂದೆ ಯುಇಎಫ್‌ಐ (ಹಳೆಯ ಬಯಾಸ್ ಜಾಗಕ್ಕೆ ಬಂದ ಹೊಸ ಬೂಟ್ ವ್ಯವಸ್ಥೆ) ಎಂದು ಬರೆದಿರುವುದನ್ನೇ ಆರಿಸಿ. ನಿಮ್ಮ ಮಷಿನ್ ಹಳೆಯ ಬಯಾಸ್ ಮೋಡ್‌ನದಾದರೆ ಮಾತ್ರ ಇನ್ನೊಂದನ್ನು ಆರಿಸಿ, ಯಾವ ಮೋಡ್ ಎಂದು 1ನೇ ಹಂತದಲ್ಲಿ ತಿಳಿಯುತ್ತದೆ.

ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಪೆನ್‌ಡ್ರೈವ್ ನಂಬಬೇಡಿ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರ್‌ಗಳನ್ನು ಸೆಕ್ಯೂರ್ ಬೂಟ್ (ಒಪ್ಪಿದ ಡಿಜಿಟಲ್ ಸಹಿ ಇರುವುದನ್ನು ಮಾತ್ರ ಬೂಟ್ ಆಗಲು ಬಿಡುವ ಮದರ್‌ಬೋರ್ಡ್‌ನ ಕಾವಲು) ತಡೆಯುವ ಹಾಗೆ ಮಾಡಿತು. ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡಿದ್ದ ಎಷ್ಟೋ ಮಷಿನ್‌ಗಳು ಎಸ್‌ಬಿಎಟಿ ಎಂಬ ಅಕ್ಷರಗಳಿರುವ ಎರರ್ ತೋರಿಸಿ ನಿಂತವು. ಹಳೆಯ ಲೈವ್ ಪೆನ್‌ಡ್ರೈವ್‌ಗಳೂ ಅದೇ ಎರರ್ ಕೊಟ್ಟವು. ಅದಕ್ಕೇ ಉಬುಂಟುವಿನ ಹೊಸ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಇಳಿಸಿ ಹೊಸದಾಗಿ ಪೆನ್‌ಡ್ರೈವ್ ಮಾಡಿಕೊಳ್ಳಿ.

ಇನ್ನೊಂದು, ಯುಪಿಎಸ್. ಲ್ಯಾಪ್‌ಟಾಪ್‌ಗಾದರೆ ಬ್ಯಾಟರಿ ಇರುತ್ತದೆ, ಡೆಸ್ಕ್‌ಟಾಪ್‌ಗೆ ಇಲ್ಲ. ಇನಿಟ್‌ಆರ್‌ಡಿ ಬರೆಯುವ ಆ ಒಂದು ನಿಮಿಷದಲ್ಲೇ ಕರೆಂಟ್ ಹೋದರೆ ಅರ್ಧ ಬರೆದ ಫೈಲ್ ಉಳಿಯುತ್ತದೆ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಕೈಕೊಡದ ಹೊತ್ತು ನೋಡಿ ಕೂರಿ. ಗುಡುಗು ಮಳೆ ಬರುತ್ತಿರುವ ಸಂಜೆ ಇದಕ್ಕೆ ಕೈ ಹಾಕಬೇಡಿ.

ಬ್ಯಾಕಪ್‌ಗೆ ಎಕ್ಸ್‌ಟರ್ನಲ್ ಡಿಸ್ಕ್, ಇಂಟರ್ನೆಟ್ ಇರುವ ಮೊಬೈಲ್, ಒಂದು ಹಾಳೆ, ಒಂದು ಪೆನ್. ಹಾಳೆ ಪೆನ್ ಯಾಕೆ ಅಂದರೆ, ಮಷಿನ್ ಬೂಟ್ ಆಗದಿದ್ದಾಗ ಅದರೊಳಗೆ ಸೇವ್ ಮಾಡಿದ ನೋಟ್ಸ್ ಕೈಗೆ ಸಿಗುವುದಿಲ್ಲ.

ಹಂತ 1: ನಿಮ್ಮ ಮಷಿನ್ ಎಲ್ಲಿಂದ ಬೂಟ್ ಆಗುತ್ತಿದೆ, ತಿಳಿದುಕೊಳ್ಳಿ

ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಒಂದೇ ಡಿಸ್ಕ್. ಅಸೆಂಬಲ್ ಮಾಡಿಸಿದ ಪಿಸಿಯಲ್ಲಿ ಹಾಗಲ್ಲ. ಮೊದಲು ಒಂದು ಹಾರ್ಡ್ ಡಿಸ್ಕ್, ಆಮೇಲೆ ಒಂದು ಎಸ್‌ಎಸ್‌ಡಿ, ಇನ್ನೂ ಸ್ವಲ್ಪ ದಿನಕ್ಕೆ ಒಂದು ಎನ್‌ವಿಎಂಇ. ಹೀಗೆ ಬೆಳೆದ ಮಷಿನ್‌ನಲ್ಲಿ ಸಿಸ್ಟಮ್ ಒಂದು ಕಡೆ, ಬೂಟ್‌ಲೋಡರ್ ಇನ್ನೊಂದು ಕಡೆ ಇರುವುದು ತುಂಬಾ ಮಾಮೂಲು.

ನನಗೂ ಇದೇ ಆಗಿತ್ತು. ಹೊಸ ಕ್ಯಾಬಿನೆಟ್‌ಗೆ ಹಳೆಯ ಪಿಸಿಯ ಹಾರ್ಡ್ ಡಿಸ್ಕ್ ಅನ್ನೂ ಹಾಕಿಸಿದ್ದೆ. ಉಬುಂಟು ಇದ್ದದ್ದು ಎಸ್‌ಎಸ್‌ಡಿಯಲ್ಲಿ. ಒಂದು ದಿನ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. ಸಾಟಾ ಕೇಬಲ್ ಕಿತ್ತು ಡಿಸ್ಕ್ ಪಕ್ಕಕ್ಕಿಟ್ಟೆ. ಪವರ್ ಬಟನ್ ಒತ್ತಿದರೆ ನೇರ ಬಯಾಸ್ ಸೆಟಪ್ ಬಂತು. ಗ್ರಬ್ ಅಷ್ಟು ವರ್ಷವೂ ಆ ಹಳೆಯ ಹಾರ್ಡ್ ಡಿಸ್ಕ್‌ನ ಒಂದು ಸಣ್ಣ ಪಾರ್ಟಿಷನ್‌ನಲ್ಲಿ ಇತ್ತು, ನನಗೆ ಗೊತ್ತೇ ಇರಲಿಲ್ಲ. ಉಬುಂಟುವಿನ ಹಳೆಯ ಇನ್‌ಸ್ಟಾಲರ್‌ಗೆ ಒಂದು ಅಭ್ಯಾಸವಿತ್ತು. ನೀವು ಯಾವ ಡಿಸ್ಕ್ ಹೇಳಿದರೂ, ಮೊದಲು ಕಂಡ ಇಎಫ್‌ಐ ಪಾರ್ಟಿಷನ್‌ನಲ್ಲೇ (ಯುಇಎಫ್‌ಐ ಬೂಟ್‌ಲೋಡರ್ ಹುಡುಕುವ ಸಣ್ಣ ಪಾರ್ಟಿಷನ್) ಬೂಟ್‌ಲೋಡರ್ ಹಾಕಿಬಿಡುತ್ತಿತ್ತು.

ಹಾಗಾಗಿ ಮೊದಲು ಈ ಐದು ಕಮಾಂಡ್ ಒಂದೊಂದಾಗಿ ಕೊಡಿ:

ಯುನೇಮ್ -ಆರ್
ಎಲ್‌ಎಸ್ /ಸಿಸ್/ಫರ್ಮ್‌ವೇರ್/ಇಎಫ್‌ಐ
ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಪಾರ್ಟ್‌ಯುಯುಐಡಿ,ಮೌಂಟ್‌ಪಾಯಿಂಟ್
ಸುಡೋ ಇಎಫ್‌ಐಬೂಟ್‌ಎಂಜಿಆರ್ -ವಿ
ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್

ಮೊದಲನೆಯದು ಈಗ ಓಡುತ್ತಿರುವ ಕರ್ನಲ್‌ನ ನಂಬರ್ ಹೇಳುತ್ತದೆ. ಹಾಳೆಯಲ್ಲಿ ಮೊದಲ ಸಾಲಿಗೆ ಅದನ್ನು ಬರೆದುಕೊಳ್ಳಿ. ಕೆಟ್ಟರೆ ವಾಪಸ್ ಹೋಗಬೇಕಾದ ಕರ್ನಲ್ ಅದೇ. ಎರಡನೆಯದಕ್ಕೆ ಫೈಲ್‌ಗಳ ಪಟ್ಟಿ ಬಂದರೆ ನೀವು ಯುಇಎಫ್‌ಐ ಮೋಡ್‌ನಲ್ಲಿದ್ದೀರಿ. ಅಂಥ ಫೋಲ್ಡರ್ ಇಲ್ಲ ಎಂದರೆ ಹಳೆಯ ಬಯಾಸ್ ಮೋಡ್. ಈ ಎರಡರಲ್ಲಿ ಯಾವುದು ಎಂದು ತಿಳಿಯದೆ 8ನೇ ಹಂತ ಮುಟ್ಟಬೇಡಿ.

ನಾಲ್ಕನೆಯ ಕಮಾಂಡ್‌ನಲ್ಲಿ ಬೂಟ್‌ಕರೆಂಟ್ ಎಂಬ ಸಾಲು ಇರುತ್ತದೆ. ಪಕ್ಕದ ನಾಲ್ಕಂಕಿಯ ನಂಬರ್ ನೋಡಿ, ಅದೇ ನಂಬರಿನ ಸಾಲು ಹುಡುಕಿ. ಅದರಲ್ಲಿ ಜಿಪಿಟಿ ಎಂಬ ಅಕ್ಷರಗಳ ಮುಂದೆ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದನ್ನು ಮೂರನೆಯ ಕಮಾಂಡ್‌ನ ಪಾರ್ಟ್‌ಯುಯುಐಡಿ ಸಾಲುಗಳಿಗೆ ಹೋಲಿಸಿ. ಯಾವ ಡಿಸ್ಕ್‌ನ ಸಾಲಿಗೆ ಹೊಂದುತ್ತದೋ ನಿಮ್ಮ ಬೂಟ್‌ಲೋಡರ್ ಇರುವುದು ಅಲ್ಲೇ. ಡಿಸ್ಕ್‌ನ ಮಾಡೆಲ್ ಹೆಸರನ್ನೂ ಹಾಳೆಗೆ ಇಳಿಸಿ. ಬಯಾಸ್ ಮೋಡ್‌ನವರಿಗೆ ಈ ಕಮಾಂಡ್ ಕೆಲಸ ಮಾಡುವುದಿಲ್ಲ. ಅವರು ಬಯಾಸ್ ಸೆಟಪ್‌ಗೆ ಹೋಗಿ ಮೊದಲ ಬೂಟ್ ಡಿಸ್ಕ್ ಯಾವುದೆಂದು ನೋಡಿ ಬರೆದುಕೊಳ್ಳಬೇಕು. ಐದನೆಯ ಕಮಾಂಡ್ ಸೆಕ್ಯೂರ್ ಬೂಟ್ ಆನ್ ಇದೆಯೇ, ಆಫ್ ಇದೆಯೇ ಎಂದು ಹೇಳುತ್ತದೆ.

ಹಂತ 2: ಬ್ಯಾಕಪ್

ಹೋಮ್ ಫೋಲ್ಡರ್ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋಗಬೇಕು. ಸಿಸ್ಟಮ್ ಅನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಇದೆಯಲ್ಲ ಎಂದು ಸುಮ್ನೆ ಕೂರಬೇಡಿ. ನೀವಾಗಿ ಸೆಟ್ ಮಾಡದಿದ್ದರೆ ಅದು ಸಿಸ್ಟಮ್ ಫೈಲ್‌ಗಳನ್ನಷ್ಟೇ ಕಾಪಾಡುತ್ತದೆ, ಹೋಮ್‌ನಲ್ಲಿರುವ ನಿಮ್ಮ ಫೋಟೊ, ಡಾಕ್ಯುಮೆಂಟ್ ಮುಟ್ಟುವುದಿಲ್ಲ. ಇದರ ಜೊತೆ /ಇಟಿಸಿ/ಎಫ್‌ಎಸ್‌ಟ್ಯಾಬ್ (ಯಾವ ಪಾರ್ಟಿಷನ್ ಯಾವ ಫೋಲ್ಡರ್‌ಗೆ ಸೇರಬೇಕು ಎಂದು ಬರೆದಿರುವ ಫೈಲ್), /ಇಟಿಸಿ/ಡೀಫಾಲ್ಟ್/ಗ್ರಬ್, ಮತ್ತು /ಬೂಟ್/ಇಎಫ್‌ಐ ಒಳಗಿರುವುದೆಲ್ಲವನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಕೆಲವೇ ಎಂಬಿ ಆಗುತ್ತದೆ.

ಅದೇ ಮಷಿನ್‌ನಲ್ಲಿ ವಿಂಡೋಸ್ ಇದ್ದರೆ ಇನ್ನೆರಡು ಕೆಲಸ. ಒಂದು, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದೆಯೇ ನೋಡಿ, ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್‌ಲೋಡರ್ ಅಥವಾ ಸೆಕ್ಯೂರ್ ಬೂಟ್ ಬದಲಾದರೆ ವಿಂಡೋಸ್ ಆ ಕೀ ಕೇಳಬಹುದು. ವಿಂಡೋಸ್ 11ರಲ್ಲಿ ನೀವು ಆನ್ ಮಾಡದೆಯೇ ಎನ್‌ಕ್ರಿಪ್ಷನ್ ಆನ್ ಆಗಿರುವುದುಂಟು. ಎರಡು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡಿಸ್ಕ್ ಅರ್ಧ ಹಿಡಿದುಕೊಂಡೇ ಇರುತ್ತದೆ.

ಹಂತ 3: ಜಾಗ ಇದೆಯೇ ನೋಡಿ

ಡಿಎಫ್ -ಎಚ್ / /ಬೂಟ್ /ಬೂಟ್/ಇಎಫ್‌ಐ

ಬೂಟ್‌ಗೂ ರೂಟ್‌ಗೂ (ಒಂಟಿ ಸ್ಲ್ಯಾಷ್, ಇಡೀ ಸಿಸ್ಟಮ್ ಇರುವ ಪಾರ್ಟಿಷನ್) ಒಂದೇ ಡಿವೈಸ್ ಹೆಸರು ಬಂದರೆ ನಿಮಗೆ ಬೇರೆ ಬೂಟ್ ಪಾರ್ಟಿಷನ್ ಇಲ್ಲ, ಚಿಂತೆಯೂ ಕಡಿಮೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಇನ್‌ಸ್ಟಾಲ್ ಮಾಡಿದವರಿಗೆ ಬೇರೆ ಬೂಟ್ ಪಾರ್ಟಿಷನ್ ಇದ್ದೇ ಇರುತ್ತದೆ. ಜಾಸ್ತಿ ಸಿಕ್ಕಿಬೀಳುವವರು ಅವರೇ. ಅಲ್ಲಿ 300 ಎಂಬಿಯಾದರೂ ಖಾಲಿ ಇರದೆ ನಾನು ಮುಂದೆ ಹೋಗುವುದಿಲ್ಲ. ಇನಿಟ್‌ಆರ್‌ಡಿಯನ್ನು ಹೊಸದಾಗಿ ಬರೆಯುವಾಗ ಹಳೆಯದು ಅಲ್ಲೇ ಇರುತ್ತದೆ, ಹೊಸದು ಪೂರ್ತಿ ಆದಮೇಲೆ ಅದರ ಜಾಗಕ್ಕೆ ಬರುತ್ತದೆ. ಅಂದರೆ ಸ್ವಲ್ಪ ಹೊತ್ತು ಎರಡಕ್ಕೂ ಜಾಗ ಬೇಕು.

ಜಾಗ ಇಲ್ಲದಿದ್ದರೆ:

ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್

ಈಗ ಓಡುತ್ತಿರುವ ಕರ್ನಲ್ ಅನ್ನು ಇದು ತೆಗೆಯುವುದಿಲ್ಲ. ಆದರೂ ಎಂಟರ್ ಒತ್ತುವ ಮುಂಚೆ ಪಟ್ಟಿ ಓದಿ, ಹಾಳೆಯಲ್ಲಿ ಬರೆದ ನಂಬರ್ ಅದರಲ್ಲಿ ಇರಬಾರದು.

ತುಂಬಾ ಜನ ಮಾಡುವ ತಪ್ಪು ಇಲ್ಲೊಂದಿದೆ. ಬೂಟ್ ಫೋಲ್ಡರ್‌ಗೆ ಹೋಗಿ ಹಳೆಯ ಫೈಲ್‌ಗಳನ್ನು ಆರ್‌ಎಂ ಕಮಾಂಡ್‌ನಿಂದ ಅಳಿಸುವುದು. ಜಾಗ ಸಿಗುತ್ತದೆ, ನಿಜ. ಆದರೆ ಆ ಕರ್ನಲ್ ಇನ್ನೂ ಇದೆ ಎಂದೇ ಆಪ್ಟ್ (ಪ್ಯಾಕೇಜ್‌ಗಳನ್ನು ಹಾಕಿ ತೆಗೆಯುವ ಉಬುಂಟುವಿನ ಸಾಧನ) ಅಂದುಕೊಂಡಿರುತ್ತದೆ. ಮುಂದಿನ ಅಪ್‌ಡೇಟ್‌ನಲ್ಲಿ ಅದಕ್ಕೆ ಮತ್ತೆ ಇನಿಟ್‌ಆರ್‌ಡಿ ಕಟ್ಟಲು ಹೋಗುತ್ತದೆ, ಎರರ್ ಬರುತ್ತದೆ, ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ. ಯಾವ ಕರ್ನಲ್ ತೆಗೆಯಬೇಕಾದರೂ ಆಪ್ಟ್ ಮೂಲಕವೇ ತೆಗೆಯಿರಿ.

ಹಂತ 4: ಗ್ರಬ್ ಮೆನು ಕಾಣುವ ಹಾಗೆ ಮಾಡಿ

ಒಂದೇ ಓಎಸ್ ಇದ್ದರೆ ಉಬುಂಟು ಗ್ರಬ್ ಮೆನು ತೋರಿಸದೆ ಮುಂದಕ್ಕೆ ಹೋಗುತ್ತದೆ. ಆಗ ಹಳೆಯ ಕರ್ನಲ್ ಡಿಸ್ಕ್‌ನಲ್ಲಿ ಇದ್ದೂ ಅದನ್ನು ಆರಿಸಲು ದಾರಿ ಕಾಣುವುದಿಲ್ಲ. ಕಪ್ಪು ಸ್ಕ್ರೀನ್ ಬಂದ ಮೇಲೆ ಈ ಸೆಟಿಂಗ್ ನೆನಪಾಗಿ ಪ್ರಯೋಜನವಿಲ್ಲ. ಈಗಲೇ ಬದಲಿಸಿ:

ಸುಡೋ ನ್ಯಾನೋ /ಇಟಿಸಿ/ಡೀಫಾಲ್ಟ್/ಗ್ರಬ್

ಅದರಲ್ಲಿ ಗ್ರಬ್ ಟೈಮ್‌ಔಟ್ ಸ್ಟೈಲ್ ಎಂಬ ಸಾಲಿನಲ್ಲಿ 'ಹಿಡನ್' ಇದ್ದಲ್ಲಿ 'ಮೆನು' ಎಂದು ಬರೆಯಿರಿ. ಗ್ರಬ್ ಟೈಮ್‌ಔಟ್‌ಗೆ 10 ಕೊಡಿ. ವಿಂಡೋಸ್ ಕೂಡ ಇರುವವರು ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲಿಗೆ 'ಫಾಲ್ಸ್' ಕೊಡಿ. ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವುದು ತಾನಾಗಿ ಆಫ್ ಇರುತ್ತದೆ. "ಅಪ್‌ಡೇಟ್ ಆದಮೇಲೆ ವಿಂಡೋಸ್ ಮಾಯ ಆಯ್ತು" ಎಂದು ಗಾಬರಿಯಾಗುವವರ ಕಾರಣ ಸಾಮಾನ್ಯವಾಗಿ ಇದೇ, ವಿಂಡೋಸ್ ಎಲ್ಲೂ ಹೋಗಿರುವುದಿಲ್ಲ. ಸೇವ್ ಮಾಡಿ:

ಸುಡೋ ಅಪ್‌ಡೇಟ್-ಗ್ರಬ್

ಈಗ ಒಮ್ಮೆ ರೀಬೂಟ್ ಮಾಡಿ. ಹೌದು, ಏನೂ ಅಪ್‌ಡೇಟ್ ಮಾಡದೆಯೇ. ಮೆನು ಬರಬೇಕು. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋದರೆ ಕರ್ನಲ್‌ಗಳ ಪಟ್ಟಿ ಕಾಣಬೇಕು. ಈ ಬಾಗಿಲು ತೆರೆಯುತ್ತದೆ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಮುಂದಿನ ಹಂತ. ಇಡೀ ಬರಹದಲ್ಲಿ ಒಂದೇ ಒಂದು ಹಂತ ಮಾಡುತ್ತೀನಿ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಹಂತ 5: ಕರ್ನಲ್ ಅಪ್‌ಡೇಟ್

ಸುಡೋ ಆಪ್ಟ್ ಅಪ್‌ಡೇಟ್
ಆಪ್ಟ್ ಲಿಸ್ಟ್ --ಅಪ್‌ಗ್ರೇಡಬಲ್
ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್

ಎರಡನೆಯ ಕಮಾಂಡ್‌ನ ಪಟ್ಟಿಯಲ್ಲಿ ಗ್ರಬ್ ಅಥವಾ ಶಿಮ್ (ಸೆಕ್ಯೂರ್ ಬೂಟ್ ದಾಟಿ ಗ್ರಬ್ ಅನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ) ಪ್ಯಾಕೇಜ್‌ಗಳೂ ಇದ್ದರೆ ಇವತ್ತು ಅವನ್ನು ತಡೆದು ನಿಲ್ಲಿಸಿ. ಸುಡೋ ಆಪ್ಟ್-ಮಾರ್ಕ್ ಹೋಲ್ಡ್ ಎಂದು ಬರೆದು, ಪಟ್ಟಿಯಲ್ಲಿ ಕಂಡ ಆ ಪ್ಯಾಕೇಜ್‌ಗಳ ಹೆಸರುಗಳನ್ನು ಮುಂದೆ ಸೇರಿಸಿ. ಕರ್ನಲ್, ಬೂಟ್‌ಲೋಡರ್ ಎರಡೂ ಒಟ್ಟಿಗೆ ಬದಲಾಗಿ ಮಷಿನ್ ನಿಂತರೆ ತಪ್ಪು ಯಾವುದರದ್ದು ಅಂತ ಹೇಗೆ ಹೇಳುವುದು? ಒಂದು ಸಲಕ್ಕೆ ಒಂದು. ಮದರ್‌ಬೋರ್ಡ್‌ನ ಬಯಾಸ್ ಅಪ್‌ಡೇಟ್ ಅಂತೂ ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ.

ಮೂರನೆಯ ಕಮಾಂಡ್ ವೈ ಅಥವಾ ಎನ್ ಕೇಳುವ ಮುಂಚೆ ಏನೇನು ತೆಗೆಯುತ್ತೇನೆ ಎಂದು ಪಟ್ಟಿ ತೋರಿಸುತ್ತದೆ. ಅದರಲ್ಲಿ ಎನ್‌ವಿಡಿಯಾ ಡ್ರೈವರ್ ಅಥವಾ ಕರ್ನಲ್‌ನ ಲಿನಕ್ಸ್-ಜೆನೆರಿಕ್ ಪ್ಯಾಕೇಜ್ ಹೆಸರು ಕಂಡರೆ ಎನ್ ಒತ್ತಿ ನಿಲ್ಲಿಸಿ. ರೆಪಾಸಿಟರಿಗೆ (ಪ್ಯಾಕೇಜ್‌ಗಳು ಇಳಿದುಬರುವ ಸರ್ವರ್‌ಗೆ) ಎಲ್ಲ ಫೈಲ್‌ಗಳು ಇನ್ನೂ ಬಂದಿಲ್ಲದಿರಬಹುದು. ಒಂದೆರಡು ದಿನ ಬಿಟ್ಟು ನೋಡಿ.

ಓಡುತ್ತಿರುವಾಗ ಟರ್ಮಿನಲ್ ಮುಚ್ಚಬೇಡಿ, ಎದ್ದು ಕಾಫಿಗೂ ಹೋಗಬೇಡಿ. ಸ್ಕ್ರೀನ್ ಮೇಲೆ ಹೋಗುವ ಸಾಲುಗಳಲ್ಲಿ ಈ ಮೂರು ಕೆಂಪು ಬಾವುಟ:

'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಜಾಗ ಮುಗಿದಿದೆ, ಇನಿಟ್‌ಆರ್‌ಡಿ ಪೂರ್ತಿ ಆಗಿಲ್ಲ.

'ಬ್ಯಾಡ್ ರಿಟರ್ನ್ ಸ್ಟೇಟಸ್ ಫಾರ್ ಮಾಡ್ಯೂಲ್ ಬಿಲ್ಡ್'. ಎನ್‌ವಿಡಿಯಾ ಅಥವಾ ವರ್ಚುವಲ್‌ಬಾಕ್ಸ್‌ನಂಥ ಹೊರಗಿನ ಡ್ರೈವರ್ ಹೊಸ ಕರ್ನಲ್‌ಗೆ ಕಟ್ಟಲು ಆಗಲಿಲ್ಲ.

'ಡಿಪಿಕೆಜಿ: ಎರರ್ ಪ್ರೊಸೆಸಿಂಗ್ ಪ್ಯಾಕೇಜ್'. ಯಾವುದೋ ಪ್ಯಾಕೇಜ್ ಅರ್ಧಕ್ಕೆ ನಿಂತಿದೆ.

'ಪಾಸಿಬಲ್ ಮಿಸ್ಸಿಂಗ್ ಫರ್ಮ್‌ವೇರ್' ಎಂಬ ಎಚ್ಚರಿಕೆಗಳು ಸಾಲುಸಾಲಾಗಿ ಬರಬಹುದು. ನಿಮ್ಮ ಮಷಿನ್‌ನಲ್ಲಿ ಇಲ್ಲದ ಚಿಪ್‌ಗಳ ಬಗ್ಗೆಯೂ ಅದು ಹೇಳುತ್ತದೆ, ಸಾಮಾನ್ಯವಾಗಿ ಹೆದರಬೇಕಿಲ್ಲ.

ತೀರಾ ಹೊಸ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ 24.04ರ ಜೊತೆ ಬಂದ 6.8 ಕರ್ನಲ್ ಸಾಲದೆ ಹೋಗಬಹುದು. ಅವರು ಹೊಸ ಹಾರ್ಡ್‌ವೇರ್‌ಗೆಂದು ಉಬುಂಟುವೇ ಕೊಡುವ ಎಚ್‌ಡಬ್ಲ್ಯುಇ ಕರ್ನಲ್ ಹಾಕಿಕೊಳ್ಳಲಿ. ಪ್ಯಾಕೇಜ್ ಹೆಸರು ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04. ಮೇನ್‌ಲೈನ್ ಕರ್ನಲ್ (ಉಬುಂಟುವಿನ ಬದಲಾವಣೆಗಳಿಲ್ಲದ ಮೂಲ ಕರ್ನಲ್) ಇಳಿಸಿ ಹಾಕುವ ಆಸೆ ಬೇಡ. ಅದಕ್ಕೆ ಸೆಕ್ಯೂರ್ ಬೂಟ್ ಒಪ್ಪುವ ಸಹಿ ಇರುವುದಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಬರುವುದೂ ಇಲ್ಲ.

ಹಂತ 6: ರೀಬೂಟ್‌ಗೆ ಮುಂಚಿನ ತಪಾಸಣೆ

ಅಪ್‌ಡೇಟ್ ಮುಗಿಯಿತು, 'ರೀಸ್ಟಾರ್ಟ್ ನೌ' ಅಂತ ಡಬ್ಬಿ ಬಂತು. ಒತ್ತಬೇಡಿ. ಐದು ನಿಮಿಷ ತಡೆಯಿರಿ.

ಎಲ್‌ಎಸ್ -ಎಲ್‌ಎಚ್ /ಬೂಟ್

ಪ್ರತಿ ಕರ್ನಲ್‌ಗೂ ಎರಡು ಫೈಲ್ ಜೋಡಿಯಾಗಿ ಇರಬೇಕು. ವಿಎಂಲಿನಜ್ ಒಂದು, ಇನಿಟ್‌ಆರ್‌ಡಿ ಒಂದು. ಹೆಸರಿನ ಕೊನೆಯ ನಂಬರ್ ಎರಡಕ್ಕೂ ಒಂದೇ. ಈಗ ಸೈಜ್ ನೋಡಿ. ಹಳೆಯ ಇನಿಟ್‌ಆರ್‌ಡಿ 70 ಎಂಬಿ ಇದ್ದು ಹೊಸದೂ ಅದರ ಆಸುಪಾಸು ಇದ್ದರೆ ಸರಿ. ಹೊಸದು 9 ಎಂಬಿ ಇದ್ದರೆ, ಸೊನ್ನೆ ಇದ್ದರೆ, ಇಲ್ಲವೇ ಇಲ್ಲದಿದ್ದರೆ ರೀಬೂಟ್ ಮಾಡಬೇಡಿ. 3ನೇ ಹಂತಕ್ಕೆ ವಾಪಸ್ ಹೋಗಿ ಜಾಗ ಮಾಡಿ, ಆಮೇಲೆ ಈ ಮೂರು ಕೊಡಿ:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್
ಸುಡೋ ಅಪ್‌ಡೇಟ್-ಗ್ರಬ್

ಇನಿಟ್‌ಆರ್‌ಡಿ ಫೈಲೇ ಇಲ್ಲದಿದ್ದರೆ ಎರಡನೆಯದರಲ್ಲಿ ಯು ಬದಲು ಸಿ, ಆಲ್ ಬದಲು ಹೊಸ ಕರ್ನಲ್‌ನ ಪೂರ್ತಿ ಹೆಸರು ಕೊಡಿ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಬಂದರೂ ಮದ್ದು ಇದೇ.

ಎನ್‌ವಿಡಿಯಾ ಕಾರ್ಡ್ ಇರುವವರು ಇದನ್ನೂ ನೋಡಲೇಬೇಕು:

ಮಾಡ್‌ಇನ್ಫೋ -ಕೆ ಹೊಸ-ಕರ್ನಲ್-ಹೆಸರು ಎನ್‌ವಿಡಿಯಾ

ಹೊಸ ಕರ್ನಲ್ ಹೆಸರನ್ನು ಬೂಟ್ ಫೋಲ್ಡರ್‌ನ ಫೈಲ್ ಹೆಸರಿನಿಂದಲೇ ಎತ್ತಿಕೊಳ್ಳಿ, ಅಂಕಿಯಿಂದ ಶುರುವಾಗಿ ಜೆನೆರಿಕ್ ಎಂದು ಮುಗಿಯುವ ಭಾಗ. ಡ್ರೈವರ್‌ನ ವಿವರ ಬಂದರೆ ಅದು ಹೊಸ ಕರ್ನಲ್‌ಗೆ ಸಿದ್ಧವಾಗಿದೆ. 'ನಾಟ್ ಫೌಂಡ್' ಬಂದರೆ ಡ್ರೈವರ್ ಕಟ್ಟಲು ಬೇಕಾದ ಲಿನಕ್ಸ್-ಹೆಡರ್ಸ್-ಜೆನೆರಿಕ್ ಪ್ಯಾಕೇಜ್ ಇದೆಯೇ ನೋಡಿ. ಎಚ್‌ಡಬ್ಲ್ಯುಇ ಹಾಕಿದವರಿಗೆ ಅದರದೇ ಹೆಡರ್ಸ್ ಬೇಕು. ಹಾಕಿದ ಮೇಲೆ ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್ -ಕೆ ಎಂದು ಬರೆದು ಹೊಸ ಕರ್ನಲ್ ಹೆಸರು ಸೇರಿಸಿ ಕೊಡಿ, ಮತ್ತೆ ತಪಾಸಣೆ ಮಾಡಿ. ಡಿಕೆಎಂಎಸ್ ಅಂದರೆ ಹೊರಗಿನ ಡ್ರೈವರ್‌ಗಳನ್ನು ಆಯಾ ಕರ್ನಲ್‌ಗೆ ಕಟ್ಟಿಕೊಡುವ ಸಾಧನ.

ಕೊನೆಗೆ ಡಿಪಿಕೆಜಿ --ಆಡಿಟ್ ಕೊಡಿ. ಅದು ಏನೂ ಹೇಳದೆ ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.

ಹಂತ 7: ರೀಬೂಟ್, ಪರೀಕ್ಷೆ, ಎರಡು ದಿನ ಕಾಯುವುದು

ಸೆಕ್ಯೂರ್ ಬೂಟ್ ಆನ್ ಇದ್ದು ಎನ್‌ವಿಡಿಯಾ ಡ್ರೈವರ್ ಡಿಕೆಎಂಎಸ್ ಮೂಲಕ ಕಟ್ಟಿದ್ದರೆ, ಮೊದಲ ಸಲ ರೀಬೂಟ್‌ನಲ್ಲಿ ನೀಲಿ ಸ್ಕ್ರೀನ್ ಬರಬಹುದು. 'ಎಂಒಕೆ ಮ್ಯಾನೇಜ್‌ಮೆಂಟ್' ಎಂದು ಬರೆದಿರುತ್ತದೆ. ಆ ಡ್ರೈವರ್‌ನ ಸಹಿಯನ್ನು ಸೆಕ್ಯೂರ್ ಬೂಟ್ ಒಪ್ಪುವ ಹಾಗೆ ಮಾಡುವ ಜಾಗ ಅದು. ವಿಂಡೋಸ್‌ನ ನೀಲಿ ಸ್ಕ್ರೀನ್ ಅಲ್ಲ, ಗಾಬರಿ ಬೇಡ. 10 ಸೆಕೆಂಡ್ ಒಳಗೆ ಯಾವುದಾದರೂ ಕೀ ಒತ್ತಬೇಕು. 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್' ಆರಿಸಿ, ಇನ್‌ಸ್ಟಾಲ್ ಮಾಡುವಾಗ ನೀವೇ ಕೊಟ್ಟ ಪಾಸ್‌ವರ್ಡ್ ಹಾಕಿ. ಸುಮ್ನೆ ನೋಡುತ್ತಾ ನಿಂತರೆ ಸ್ಕ್ರೀನ್ ತಾನಾಗಿ ಮುಂದೆ ಹೋಗುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ.

ಒಳಗೆ ಬಂದ ಮೇಲೆ ಯುನೇಮ್ -ಆರ್ ಕೊಟ್ಟು ಹೊಸ ನಂಬರ್ ಬಂದಿದೆಯೇ ನೋಡಿ. ಆಮೇಲೆ ವೈಫೈ, ಸೌಂಡ್, ಎರಡನೆಯ ಮಾನಿಟರ್, ಬ್ಲೂಟೂತ್ ಒಂದೊಂದಾಗಿ ಪರೀಕ್ಷಿಸಿ. ಸಸ್ಪೆಂಡ್ ಮಾಡಿ ಎಬ್ಬಿಸಿ. ಸಸ್ಪೆಂಡ್ ಪರೀಕ್ಷೆಯನ್ನು ಎಲ್ಲರೂ ಮರೆಯುತ್ತಾರೆ, ಹೊಸ ಕರ್ನಲ್ ತೊಂದರೆ ಕೊಡುವುದು ಎಷ್ಟೋ ಸಲ ಅಲ್ಲೇ. ಸಿಸ್ಟಮ್‌ಸಿಟಿಎಲ್ --ಫೇಲ್ಡ್ ಕೊಟ್ಟರೆ ಯಾವ ಸರ್ವಿಸ್ ಶುರುವಾಗಲಿಲ್ಲ ಎಂದು ತಿಳಿಯುತ್ತದೆ.

ಮಷಿನ್ ಏಳದಿದ್ದರೆ ರೀಸೆಟ್ ಒತ್ತಿ, ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ, ಹಾಳೆಯಲ್ಲಿ ಬರೆದ ಹಳೆಯ ನಂಬರ್ ಆರಿಸಿ. ಹಳೆಯದು ಎದ್ದರೆ ಅಪಾಯ ಕಳೆಯಿತು, ನಿಧಾನಕ್ಕೆ 6ನೇ ಹಂತದ ತಪಾಸಣೆ ಮಾಡಬಹುದು. ಸ್ಕ್ರೀನ್ ಬಂದು ಅಕ್ಷರಗಳು ದಪ್ಪ ದಪ್ಪ ಕಂಡರೆ, ರೆಸಲ್ಯೂಷನ್ 1024x768ಕ್ಕೆ ಇಳಿದಿದ್ದರೆ, ಅದು ಗ್ರಾಫಿಕ್ಸ್ ಡ್ರೈವರ್ ಸೇರದೆ ಇರುವ ಲಕ್ಷಣ. ಕರ್ನಲ್ ಚೆನ್ನಾಗೇ ಇದೆ.

ಎರಡು ಮೂರು ದಿನ ದಿನನಿತ್ಯದ ಕೆಲಸವನ್ನೆಲ್ಲ ಹೊಸ ಕರ್ನಲ್‌ನಲ್ಲೇ ಮಾಡಿ. ಅಲ್ಲಿಯವರೆಗೆ ಹಳೆಯ ಕರ್ನಲ್ ತೆಗೆಯಬೇಡಿ, ಬೂಟ್‌ಲೋಡರ್ ಮುಟ್ಟಬೇಡಿ.

ಹಂತ 8: ಬೂಟ್‌ಲೋಡರ್ ಅಪ್‌ಡೇಟ್

ಇಲ್ಲಿ ಎರಡು ಕಮಾಂಡ್‌ಗಳನ್ನು ಕಲಸಿಕೊಳ್ಳುವವರೇ ಜಾಸ್ತಿ. ಅಪ್‌ಡೇಟ್-ಗ್ರಬ್ ಮೆನುವನ್ನಷ್ಟೇ ಹೊಸದಾಗಿ ಬರೆಯುತ್ತದೆ. ಗ್ರಬ್-ಇನ್‌ಸ್ಟಾಲ್ ಬೂಟ್‌ಲೋಡರನ್ನೇ ಡಿಸ್ಕ್‌ಗೆ ಹಾಕುತ್ತದೆ. ಕರ್ನಲ್ ಬದಲಾದರೆ ಮೊದಲನೆಯದು ಸಾಕು, ಅದನ್ನೂ ಆಪ್ಟ್ ತಾನಾಗಿ ಮಾಡಿರುತ್ತದೆ. ಎರಡನೆಯದು ಬೇಕಾಗುವುದು ಗ್ರಬ್ ಪ್ಯಾಕೇಜ್ ಬದಲಾದಾಗ, ಡಿಸ್ಕ್ ಬದಲಾಯಿಸಿದಾಗ, ಇಲ್ಲವೇ ಬೂಟ್‌ಲೋಡರ್ ಕೆಟ್ಟಾಗ ಮಾತ್ರ.

ಮೊದಲು ಸುಡೋ ಆಪ್ಟ್-ಮಾರ್ಕ್ ಅನ್‌ಹೋಲ್ಡ್ ಕೊಟ್ಟು 5ನೇ ಹಂತದಲ್ಲಿ ತಡೆದ ಪ್ಯಾಕೇಜ್‌ಗಳನ್ನು ಬಿಡಿ.

ಯುಇಎಫ್‌ಐ ಮೋಡ್‌ನವರು ಫೈಂಡ್‌ಎಂಎನ್‌ಟಿ /ಬೂಟ್/ಇಎಫ್‌ಐ ಕೊಟ್ಟು ನೋಡಿ. ಅಲ್ಲಿ ಕಾಣುವ ಪಾರ್ಟಿಷನ್, 1ನೇ ಹಂತದಲ್ಲಿ ಹಾಳೆಗೆ ಇಳಿಸಿದ ಡಿಸ್ಕ್‌ನದೇ ಆಗಿರಬೇಕು. ಉತ್ತರವೇ ಬರದಿದ್ದರೆ ಆ ಪಾರ್ಟಿಷನ್ ಮೌಂಟ್ ಆಗಿಲ್ಲ (ಆ ಫೋಲ್ಡರ್‌ಗೆ ಸೇರಿಲ್ಲ). ಹಾಗೇ ಮುಂದುವರಿಯಬೇಡಿ. ಎಫ್‌ಎಸ್‌ಟ್ಯಾಬ್ ಸರಿ ಮಾಡಿ, ಮೌಂಟ್ ಮಾಡಿ, ಆಮೇಲೆ:

ಸುಡೋ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಗ್ರಬ್-ಇಎಫ್‌ಐ-ಎಎಂಡಿ64-ಸೈನ್ಡ್ ಶಿಮ್-ಸೈನ್ಡ್

ಹೆಸರಿನಲ್ಲಿ ಎಎಂಡಿ64 ಇದ್ದರೂ ಇಂಟೆಲ್ ಪ್ರೊಸೆಸರ್‌ಗೂ ಇದೇ. ಇದು ಗ್ರಬ್-ಇನ್‌ಸ್ಟಾಲ್ ಅನ್ನು ತಾನೇ ಓಡಿಸುತ್ತದೆ, ಸಹಿ ಇರುವ ಫೈಲ್‌ಗಳನ್ನೇ ಹಾಕುತ್ತದೆ. ಮುಗಿದ ಮೇಲೆ /ಬೂಟ್/ಇಎಫ್‌ಐ/ಇಎಫ್‌ಐ/ಉಬುಂಟು ಫೋಲ್ಡರ್‌ನಲ್ಲಿ ಶಿಮ್‌ಎಕ್ಸ್64, ಗ್ರಬ್‌ಎಕ್ಸ್64 ಫೈಲ್‌ಗಳಿಗೆ ಇವತ್ತಿನ ತಾರೀಖು ಇದೆಯೇ ನೋಡಿ. ಇಎಫ್‌ಐಬೂಟ್‌ಎಂಜಿಆರ್ ಕೊಟ್ಟು ಉಬುಂಟು ಸಾಲು ಬೂಟ್ ಆರ್ಡರ್‌ನಲ್ಲಿ ಮೊದಲಿದೆಯೇ ಅದನ್ನೂ ನೋಡಿ.

ಬಯಾಸ್ ಮೋಡ್‌ನವರಿಗೆ ದಾರಿ ಬೇರೆ:

ಸುಡೋ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ

ಒಂದೆರಡು ಪ್ರಶ್ನೆ ಕೇಳುತ್ತದೆ, ಎಂಟರ್ ಒತ್ತುತ್ತಾ ಹೋಗಿ. ಡಿಸ್ಕ್‌ಗಳ ಪಟ್ಟಿ ಬಂದಾಗ ನಿಲ್ಲಿ. ಬಯಾಸ್ ಮೊದಲು ನೋಡುವ ಡಿಸ್ಕ್ ಯಾವುದೋ ಅದರ ಮುಂದೆ ಸ್ಪೇಸ್ ಒತ್ತಿ ಗುರುತು ಹಾಕಿ. ಇಡೀ ಡಿಸ್ಕ್ ಆರಿಸಬೇಕು, ಅದರೊಳಗಿನ ಪಾರ್ಟಿಷನ್ ಅಲ್ಲ. ಇಲ್ಲಿ ತಪ್ಪಾದರೆ ಏನಾಗುತ್ತದೆ ಗೊತ್ತಾ? ಗ್ರಬ್‌ನ ಮೊದಲ ತುಂಡು ಹಳೆಯ ಡಿಸ್ಕ್‌ನಲ್ಲಿ ಹಳೆಯದಾಗಿಯೇ ಉಳಿಯುತ್ತದೆ. ಅದರ ಮಾಡ್ಯೂಲ್‌ಗಳು ಮಾತ್ರ ಎಸ್‌ಎಸ್‌ಡಿಯಲ್ಲಿ ಹೊಸದಾಗುತ್ತವೆ. ಎರಡಕ್ಕೂ ಹೊಂದುವುದಿಲ್ಲ, 'ಸಿಂಬಲ್ ನಾಟ್ ಫೌಂಡ್' ಎಂದು ಗ್ರಬ್ ನಿಂತುಬಿಡುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಜೊತೆ ಹೊಸ ಎಸ್‌ಎಸ್‌ಡಿ ಸೇರಿಸಿಕೊಂಡ ಪಿಸಿಗಳಲ್ಲಿ ಈ ಎರರ್ ನೋಡಿದರೆ ನಾನು ಮೊದಲು ಕೇಳುವುದೇ, ಬಯಾಸ್‌ನಲ್ಲಿ ಮೊದಲ ಡಿಸ್ಕ್ ಯಾವುದು ಅಂತ.

ಹಂತ 9: ಬೂಟ್ ಆಗದಿದ್ದರೆ

ಸ್ಕ್ರೀನ್ ಮೇಲಿನ ಅಕ್ಷರ ಓದಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಎಲ್ಲಿ ಕೆಟ್ಟಿದೆ ಎಂದು ಅದೇ ಹೇಳುತ್ತದೆ.

ಬರೀ 'ಗ್ರಬ್' ಎಂದು ಬಾಣದ ಗುರುತಿನ ಜೊತೆ ಬಂದರೆ ಬೂಟ್‌ಲೋಡರ್ ಇದೆ, ಮೆನು ಫೈಲ್ ಸಿಗುತ್ತಿಲ್ಲ. ಎಸ್ಕೇಪ್ ಕೀ ತುಂಬಾ ಸಲ ಒತ್ತಿದರೂ ಇಲ್ಲಿಗೇ ಬರುತ್ತೀರಿ, ಹಾಗಾಗಿ ಮೊದಲು ಒಮ್ಮೆ ಸುಮ್ಮನೆ ರೀಬೂಟ್ ಮಾಡಿ ನೋಡಿ. 'ಗ್ರಬ್ ರೆಸ್ಕ್ಯೂ' ಎಂದಿದ್ದರೆ ಗ್ರಬ್‌ಗೆ ತನ್ನ ಮಾಡ್ಯೂಲ್‌ಗಳೇ ಸಿಗುತ್ತಿಲ್ಲ. ಕರ್ನಲ್ ಪ್ಯಾನಿಕ್ ಬಂದು 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಎಂದಿದ್ದರೆ ಇನಿಟ್‌ಆರ್‌ಡಿ ಇಲ್ಲ ಅಥವಾ ಕೆಟ್ಟಿದೆ. 'ಬ್ಯಾಡ್ ಶಿಮ್ ಸಿಗ್ನೇಚರ್' ಎಂದರೆ ಸಹಿ ಇಲ್ಲದ ಕರ್ನಲ್ ಅನ್ನು ಸೆಕ್ಯೂರ್ ಬೂಟ್ ತಡೆದಿದೆ, ಹಳೆಯ ಕರ್ನಲ್ ಆರಿಸಿ. ನೇರ ಬಯಾಸ್ ಸೆಟಪ್‌ಗೇ ಹೋದರೆ ಮದರ್‌ಬೋರ್ಡ್ ಬೂಟ್ ಎಂಟ್ರಿಯನ್ನು ಮರೆತಿರಬಹುದು. ಬಯಾಸ್ ಅಪ್‌ಡೇಟ್ ಆದಮೇಲೆ ಹೀಗಾಗುತ್ತದೆ. ತಾರೀಖು, ಟೈಮ್ ಕೂಡ ಹಿಂದಕ್ಕೆ ಹೋಗಿದ್ದರೆ ಸಿಆರ್2032 ಸೆಲ್ ಮುಗಿದಿದೆಯೇ ನೋಡಿ, ನಾಣ್ಯದ ಆಕಾರದ ಆ ಸೆಲ್ ಸಲೀಸಾಗಿ ಸಿಗುತ್ತದೆ.

ಹಳೆಯ ಕರ್ನಲ್ ಆರಿಸಲೂ ಆಗದಿದ್ದರೆ ಪೆನ್‌ಡ್ರೈವ್ ಹಾಕಿ. ಮಷಿನ್ ಯಾವ ಮೋಡ್‌ನದೋ ಪೆನ್‌ಡ್ರೈವ್ ಕೂಡ ಅದೇ ಮೋಡ್‌ನಲ್ಲಿ ಬೂಟ್ ಆಗಬೇಕು. 'ಟ್ರೈ ಉಬುಂಟು' ಆರಿಸಿ, ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ -ಎಫ್ ಕೊಟ್ಟು ನಿಮ್ಮ ಪಾರ್ಟಿಷನ್‌ಗಳನ್ನು ಗುರುತಿಸಿ. ಇಲ್ಲಿ ರೂಟ್ ಎರಡನೆಯ, ಇಎಫ್‌ಐ ಮೊದಲನೆಯ ಪಾರ್ಟಿಷನ್ ಎಂದುಕೊಂಡಿದ್ದೇನೆ. ನಿಮ್ಮಲ್ಲಿ ನಂಬರ್ ಬೇರೆ ಇರಬಹುದು.

ಸುಡೋ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ2 /ಎಂಎನ್‌ಟಿ
ಸುಡೋ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ1 /ಎಂಎನ್‌ಟಿ/ಬೂಟ್/ಇಎಫ್‌ಐ
ಸುಡೋ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್

ಮೂರನೆಯದನ್ನೇ ಡೆವ್ ಬದಲು ಪ್ರೋಕ್, ಸಿಸ್, ರನ್ ಎಂದು ಹಾಕಿ ಇನ್ನೂ ಮೂರು ಸಲ ಕೊಡಿ. ಬೇರೆ ಬೂಟ್ ಪಾರ್ಟಿಷನ್ ಇರುವವರು ಅದನ್ನು ರೂಟ್ ಆದಮೇಲೆ, ಇಎಫ್‌ಐಗೆ ಮುಂಚೆ ಮೌಂಟ್ ಮಾಡಬೇಕು. ಈ ಕ್ರಮ ತಪ್ಪಿದರೆ ನೀವು ಸರಿ ಮಾಡಿದ ಫೈಲ್‌ಗಳೆಲ್ಲ ಬೇರೆಲ್ಲೋ ಹೋಗಿರುತ್ತವೆ. ಎನ್‌ಕ್ರಿಪ್ಟ್ ಆದ ಡಿಸ್ಕ್ ಆದರೆ ಇದಕ್ಕೂ ಮುಂಚೆ ಕ್ರಿಪ್ಟ್‌ಸೆಟಪ್ ಕಮಾಂಡ್‌ನಿಂದ ತೆರೆಯಿರಿ. ತೆರೆಯುವಾಗ ಕೊಡುವ ಹೆಸರು ನಿಮ್ಮ ಸಿಸ್ಟಮ್‌ನ /ಇಟಿಸಿ/ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿ ಇರುವ ಹೆಸರೇ ಆಗಿರಬೇಕು. ಇಲ್ಲದಿದ್ದರೆ ಹೊಸ ಇನಿಟ್‌ಆರ್‌ಡಿಗೆ ಡಿಸ್ಕ್ ತೆರೆಯಲು ಬರುವುದಿಲ್ಲ.

ಸುಡೋ ಸಿಎಚ್‌ರೂಟ್ /ಎಂಎನ್‌ಟಿ

ಈಗ ನೀವು ನಿಮ್ಮ ಸಿಸ್ಟಮ್ ಒಳಗೇ ಇದ್ದೀರಿ. ಇಲ್ಲಿಂದ ಮುಂದೆ ಸುಡೋ ಬೇಕಿಲ್ಲ. 6ನೇ ಹಂತದ ಆ ಮೂರು ಕಮಾಂಡ್ ಕೊಡಿ. ತೊಂದರೆ ಇದ್ದದ್ದು ಬೂಟ್‌ಲೋಡರ್‌ನಲ್ಲಿ ಆಗಿದ್ದರೆ 8ನೇ ಹಂತದ್ದನ್ನೂ ಕೊಡಿ. ಎಲ್‌ಎಸ್ -ಎಲ್‌ಎಚ್ /ಬೂಟ್ ಮಾಡಿ ಜೋಡಿ ಫೈಲ್‌ಗಳನ್ನು ಮತ್ತೆ ನೋಡಿ. ಎಕ್ಸಿಟ್ ಎಂದು ಹೊರಗೆ ಬಂದು ರೀಬೂಟ್ ಮಾಡಿ, ಹೇಳಿದಾಗ ಪೆನ್‌ಡ್ರೈವ್ ಕಿತ್ತುಕೊಳ್ಳಿ.

ಮದರ್‌ಬೋರ್ಡ್ ಬೂಟ್ ಎಂಟ್ರಿಯನ್ನು ಪದೇ ಪದೇ ಮರೆಯುತ್ತಿದ್ದರೆ, ಇದೇ ಜಾಗದಲ್ಲಿ ಗ್ರಬ್-ಇನ್‌ಸ್ಟಾಲ್ --ರಿಮೂವಬಲ್ ಕೂಡ ಒಮ್ಮೆ ಕೊಡಿ. ಎಂಟ್ರಿ ಇಲ್ಲದಿದ್ದರೂ ಮದರ್‌ಬೋರ್ಡ್ ತಾನಾಗಿ ಹುಡುಕುವ ಫೋಲ್ಡರ್‌ನಲ್ಲಿ ಬೂಟ್‌ಲೋಡರ್‌ನ ಇನ್ನೊಂದು ಪ್ರತಿ ಕೂರುತ್ತದೆ. ಒಂದೇ ಇಎಫ್‌ಐ ಪಾರ್ಟಿಷನ್ ಅನ್ನು ವಿಂಡೋಸ್ ಕೂಡ ಬಳಸುತ್ತಿದ್ದರೆ, 2ನೇ ಹಂತದಲ್ಲಿ ತೆಗೆದಿಟ್ಟ ಕಾಪಿ ಕೈಯಲ್ಲಿರದೆ ಇದನ್ನು ಮಾಡಬೇಡಿ.

ಎಲ್ಲ ಸರಿಯಾಗಿ ಓಡುತ್ತಿದೆ ಎಂದ ಮೇಲೆ ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್ ಕೊಟ್ಟು ತೀರಾ ಹಳೆಯ ಕರ್ನಲ್‌ಗಳನ್ನು ತೆಗೆಯಿರಿ. ಹೊಸದರ ಜೊತೆ ಕೆಲಸ ಮಾಡುವ ಹಳೆಯದೊಂದು ಉಳಿದಿರಲಿ. ಹಾಳೆಯಲ್ಲಿ ಹಳೆಯ ಕರ್ನಲ್ ನಂಬರ್ ಕೆಳಗೆ ಹೊಸದನ್ನು ಬರೆದು, ತಾರೀಖು ಹಾಕಿ, ಮಡಚಿ, ಕ್ಯಾಬಿನೆಟ್‌ನ ಪಕ್ಕದ ಬಾಗಿಲಿಗೆ ಹೊರಗಡೆಯಿಂದ ಟೇಪ್ ಹಾಕಿ ಅಂಟಿಸಿಡಿ.